ಹಗ್ಗದ ತುದಿಯಿಂದ ಬಿಲ್ಲಿನತ್ತ: ಅಲಿಗೇಟರ್ ಬೇಟೆಗೆ ಸಾಂಪ್ರದಾಯಿಕ ಬಿಲ್ಲಿನ ಸಲಕರಣೆ ಆರಿಸುವ ಕ್ರಮ

ಅಲಿಗೇಟರ್ ಬೇಟೆಗೆಂದು ಬಿಲ್ಲು ಕೊಳ್ಳಲು ಹೊರಟವರು ಮೊದಲು ನೋಡಬೇಕಾದದ್ದು ಬಿಲ್ಲನ್ನಲ್ಲ, ಹಗ್ಗವನ್ನು. ಜಿಂಕೆಯ ಬೇಟೆಯಲ್ಲಿ ಬಾಣವೇ ಪ್ರಾಣಿಯನ್ನು ಕೆಡಹುತ್ತದೆ. ಅಲಿಗೇಟರ್ ಬೇಟೆಯಲ್ಲಾದರೋ ಬಾಣದ ಕೆಲಸ ನೀರಿನಲ್ಲಿರುವ ಪ್ರಾಣಿಗೆ ಒಂದು ಹಗ್ಗವನ್ನು ಭದ್ರವಾಗಿ ಸಿಕ್ಕಿಸುವುದಷ್ಟೇ, ಉಳಿದದ್ದೆಲ್ಲ ಆ ಹಗ್ಗದ ಮೇಲೆ ನಡೆಯುತ್ತದೆ. ಬಾವಿಗೆ ಬಿದ್ದ ಕೊಡಪಾನವನ್ನು ತೆಗೆಯಲು ಪಾತಾಳಗರಡಿ ಇಳಿಸುವವರು ಹಗ್ಗ ಗಟ್ಟಿಯಿದೆಯೇ ಎಂದು ಮೊದಲು ಜಗ್ಗಿ ನೋಡುವಂತೆ, ಇಲ್ಲಿಯೂ ಆಯ್ಕೆ ಹಗ್ಗದ ತುದಿಯಿಂದ ಆರಂಭವಾಗಿ ಬಾಣದ ಮೂಲಕ ಬಿಲ್ಲಿಗೆ ಬಂದು ಮುಗಿಯಬೇಕು. ಬಹುತೇಕರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ನಾನೂ ಹಾಗೆಯೇ ಮಾಡಿ ಕೈಸುಟ್ಟುಕೊಂಡವನು.

ನಾನು ಕೆಲವು ವರ್ಷ ಉದ್ಯೋಗದ ನಿಮಿತ್ತ ಉತ್ತರ ಫ್ಲಾರಿಡಾದಲ್ಲಿದ್ದು, ಈಗ ತೀರ್ಥಹಳ್ಳಿಯ ಸಮೀಪದ ನಮ್ಮ ಅಡಿಕೆ ತೋಟಕ್ಕೆ ಮರಳಿದ್ದೇನೆ. ಫ್ಲಾರಿಡಾದಲ್ಲಿ ನೆಲೆಸಿರುವ ಹೊಸನಗರ, ಸಾಗರ, ಕೊಪ್ಪದ ಕಡೆಯ ಹುಡುಗರಲ್ಲಿ ಕೆಲವರಿಗೆ ಪ್ರತಿ ವರ್ಷ ಬೇಟೆಯ ಪರವಾನಗಿ ಸಿಕ್ಕಿದೊಡನೆ ನನ್ನ ನೆನಪಾಗುತ್ತದೆ. ‘ಯಾವ ಬಿಲ್ಲು ತಗೊಳ್ಳಲಿ ಮಾವ?’ ಎಂಬ ಪ್ರಶ್ನೆಗೆ ದೂರವಾಣಿಯಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆದಿಡುತ್ತಿದ್ದೇನೆ.

ಮೊದಲಿಗೆ ನಮ್ಮ ನೆಲದ ಮಾತು. ಅಲಿಗೇಟರ್ ಎಂಬುದು ಅಮೆರಿಕದ ಆಗ್ನೇಯ ರಾಜ್ಯಗಳ ಪ್ರಾಣಿ. ತುಂಗಭದ್ರೆ, ಕಾಳಿ, ಕಾವೇರಿಗಳಲ್ಲಿರುವ ನಮ್ಮ ಮೊಸಳೆ ಬೇರೆಯದೇ ಜಾತಿ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಅನುಸೂಚಿಯಲ್ಲಿದ್ದು, ಅದರ ಬೇಟೆಗೆ ಕನಿಷ್ಠ 3 ವರ್ಷದ ಸೆರೆವಾಸವಿದೆ. ಆದ್ದರಿಂದ ಈ ಬರಹದಲ್ಲಿ ಹೇಳುವ ಬೇಟೆ ಫ್ಲಾರಿಡಾಕ್ಕೆ ಮಾತ್ರ ಸಂಬಂಧಿಸಿದ್ದು. ಮಲೆನಾಡಿನಲ್ಲಿ ಮಾಡಬಹುದಾದದ್ದು ಅಭ್ಯಾಸ ಮಾತ್ರ, ಅದೂ ನಿರ್ಜೀವ ಗುರಿಗಳ ಮೇಲೆ, ಸ್ವಂತ ತೋಟದ ಹೊಂಡದಲ್ಲಿ. ಚಿಪ್ಪಲಗುಡ್ಡೆಯಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕುವ ಜನರ ನಡುವೆ ಬಿಲ್ಲು ಹಿಡಿದುಕೊಂಡು ಹೊಳೆದಂಡೆಯಲ್ಲಿ ತಿರುಗಾಡುವವನನ್ನು ಯಾರೂ ಒಳ್ಳೆಯ ಕಣ್ಣಿನಿಂದ ನೋಡುವುದಿಲ್ಲ, ನೋಡಲೂಬಾರದು.

ಅಮೆರಿಕದಲ್ಲಿಯೂ ಅಲಿಗೇಟರ್ ಒಂದು ಕಾಲಕ್ಕೆ ಅಳಿವಿನಂಚಿಗೆ ಬಂದಿತ್ತು. 1967ರಲ್ಲಿ ಅದನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು. 1987ರಲ್ಲಿ ಸಂಖ್ಯೆ ಚೇತರಿಸಿಕೊಂಡಿದೆ ಎಂದು ಘೋಷಿಸಲಾಯಿತು. ಮರುವರ್ಷ, ಅಂದರೆ 1988ರಲ್ಲಿ, ಫ್ಲಾರಿಡಾ ರಾಜ್ಯವ್ಯಾಪಿಯಾದ ನಿಯಂತ್ರಿತ ಬೇಟೆಯನ್ನು ಆರಂಭಿಸಿತು. ಆಗಸ್ಟ್ 15ರಿಂದ ನವೆಂಬರ್ 1ರವರೆಗೆ, ಎಂದರೆ ನಮ್ಮಲ್ಲಿ ಶ್ರಾವಣದ ಜಡಿಮಳೆಯಿಂದ ದೀಪಾವಳಿಯ ಆಸುಪಾಸಿನವರೆಗೆ, ಅಲ್ಲಿ ಬೇಟೆಯ ಋತು. ಸಲಕರಣೆ ಆರಿಸುವವನು ತಿಳಿದಿರಲೇಬೇಕಾದ ನಿಯಮ ಒಂದಿದೆ: ಬಿಲ್ಲು, ಕ್ರಾಸ್‌ಬೋ, ಈಟಿ, ಹಾರ್ಪೂನ್ ಯಾವುದನ್ನೇ ಬಳಸಿದರೂ ಅದರ ಬಾಣಕ್ಕೆ ಅಥವಾ ಮೊನೆಗೆ ಹಿಡಿದಿಡುವ ಹಗ್ಗ ಕಟ್ಟಿರಬೇಕು. ಹಗ್ಗವಿಲ್ಲದ ಬಾಣ ಬಿಡುವುದು ಅಪರಾಧ. ಅಲಿಗೇಟರ್ ಹಗ್ಗಕ್ಕೆ ಸಿಕ್ಕಿದ ಮೇಲಷ್ಟೇ ಅದನ್ನು ಮುಗಿಸಲು ‘ಬ್ಯಾಂಗ್‌ಸ್ಟಿಕ್’ ಎಂಬ, ಕೋಲಿನ ತುದಿಯಲ್ಲಿ ಒಂದೇ ತೋಟಾ ಸಿಡಿಯುವ ಸಾಧನವನ್ನು ಬಳಸಬಹುದು. ಜೊತೆಗೆ ಬಂದು ಕೈಹಾಕುವ ಗೆಳೆಯನಿಗೂ ಸಹಾಯಕನ ಪರವಾನಗಿ ಬೇಕು. ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ ಆಯಾ ವರ್ಷದ ಕೈಪಿಡಿಯನ್ನು ಓದದೆ ದೋಣಿ ಹತ್ತಬೇಡಿ.

ಈಗ ಪ್ರಾಣಿಯ ಮೈಕಟ್ಟಿಗೆ ಬರೋಣ, ಏಕೆಂದರೆ ಸಲಕರಣೆಯ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಅಲಿಗೇಟರಿನ ಬೆನ್ನಿನ ಚರ್ಮದೊಳಗೆ ಮೂಳೆಯ ಬಿಲ್ಲೆಗಳು ಸಾಲುಸಾಲಾಗಿ ಹೂತಿರುತ್ತವೆ. ಓರೆಯಾಗಿ ಬಿದ್ದ ಬಾಣ ಅವುಗಳ ಮೇಲೆ ಹೆಂಚಿಗೆ ಬಡಿದ ಕಲ್ಲಿನಂತೆ ಜಾರಿಹೋಗುತ್ತದೆ. ತಲೆಯಂತೂ ಗಟ್ಟಿ ಮೂಳೆಯ ಹಲಗೆ, ಅದರೊಳಗಿನ ಮಿದುಳು ತೀರ ಚಿಕ್ಕದು. ಬಾಣ ಹಿಡಿಯುವ ಜಾಗವೆಂದರೆ ದವಡೆಯ ಹಿಂದಿನ ಕತ್ತಿನ ಪಕ್ಕ ಮತ್ತು ಮುಂಗಾಲಿನ ಹಿಂದಿನ ಪಕ್ಕೆ. ಅಲ್ಲಿ ಚರ್ಮ ಮೆದು. ಹಗ್ಗ ಬಿಗಿಯಾದೊಡನೆ ಅದು ತನ್ನ ಮೈಯನ್ನೇ ಅಚ್ಚಾಗಿಸಿಕೊಂಡು ನೀರಿನಲ್ಲಿ ಗಿರಗಿರನೆ ಉರುಳುತ್ತದೆ, ಹಗ್ಗವನ್ನು ಮೈಗೆ ಸುತ್ತಿಕೊಳ್ಳುತ್ತದೆ, ಬಾಯಿಗೆ ಸಿಕ್ಕರೆ ಕಚ್ಚುತ್ತದೆ, ಇಲ್ಲವೇ ತಳಕ್ಕಿಳಿದು ಬಹುಹೊತ್ತು ಉಸಿರು ಬಿಗಿಹಿಡಿದು ಕೂರುತ್ತದೆ. 2014ರಲ್ಲಿ ಅಲಬಾಮದಲ್ಲಿ ಸಿಕ್ಕಿದ ದೊಡ್ಡ ಅಲಿಗೇಟರ್ 15 ಅಡಿ 9 ಅಂಗುಲ ಉದ್ದ, 1,011.5 ಪೌಂಡ್ ತೂಕವಿತ್ತು. ಅಂಥದ್ದು ನಿಮಗೆ ಸಿಗುವುದಿಲ್ಲವೆಂದೇ ಇಟ್ಟುಕೊಳ್ಳಿ. ಆದರೆ 8 ಅಡಿಯದೂ ದೋಣಿಯನ್ನು ಎಳೆದುಕೊಂಡು ಹೋಗಬಲ್ಲದು. ರಾತ್ರಿಯಲ್ಲಿ ಟಾರ್ಚಿನ ಬೆಳಕಿಗೆ ಕೆಂಪಗೆ ಹೊಳೆಯುವ ಕಣ್ಣು ಮತ್ತು ಮೂಗಿನ ತುದಿಯ ನಡುವಿನ ಅಂತರ ಎಷ್ಟು ಅಂಗುಲವೋ ಪ್ರಾಣಿ ಸುಮಾರು ಅಷ್ಟು ಅಡಿ ಉದ್ದವಿರುತ್ತದೆಂಬ ಅಂದಾಜು ಅಲ್ಲಿನ ಬೇಟೆಗಾರರಿಗೆಲ್ಲ ಬಾಯಿಪಾಠ.

ಇಂಥ ಪ್ರಾಣಿಗೆ ಮೀನು ಹೊಡೆಯುವ ತೆಳ್ಳನೆಯ ದಾರ ಸಾಲದು. ಕನಿಷ್ಠ 400 ಪೌಂಡ್, ಸಾಧ್ಯವಿದ್ದರೆ 600 ಪೌಂಡ್ ಜಗ್ಗು ತಡೆಯುವ ಹೆಣೆದ ಹಗ್ಗವನ್ನು ಆರಿಸಬೇಕು. ಸ್ಪೆಕ್ಟ್ರಾ ಮಾದರಿಯ ನೂಲು ತೆಳ್ಳಗಿದ್ದೂ ಬಲವಾಗಿರುತ್ತದೆ, ಬಾಣದ ಓಟಕ್ಕೆ ತಡೆ ಕಡಿಮೆ. ಆದರೆ ಅದೇ ತೆಳುವಿನಿಂದಾಗಿ ಕೈಯಲ್ಲಿ ಹಿಡಿದು ಜಗ್ಗುವಾಗ ಅಂಗೈಯನ್ನು ಸೀಳುತ್ತದೆ. ನಾನು ಬಾಣಕ್ಕೆ ಹತ್ತಿರದ ಹತ್ತು ಮೀಟರ್‌ಗೆ ತೆಳ್ಳನೆಯದನ್ನೂ ಅಲ್ಲಿಂದ ಇನ್ನೊಂದು ತುದಿಯಲ್ಲಿ ತೇಲುವ ಬೆಂಡಿನವರೆಗೆ ಕೈಗೆ ಹಿಡಿತ ಸಿಗುವ ದಪ್ಪ ನೈಲಾನ್ ಹಗ್ಗವನ್ನೂ ಜೋಡಿಸುತ್ತಿದ್ದೆ. ಮೊನೆಯ ಬಳಿ ಒಂದು ಗೇಣಿನಷ್ಟಾದರೂ ಉಕ್ಕಿನ ತಂತಿಯ ತುಂಡು ಇರಲೇಬೇಕು. ಹಲ್ಲಿಗೆ ಸಿಗುವುದು ಆ ಭಾಗ. ಉದ್ದದ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಫ್ಲಾರಿಡಾದ ಕೆರೆಗಳು ವಿಸ್ತಾರಕ್ಕೆ ತಕ್ಕ ಆಳದವಲ್ಲ. ಸಮುದ್ರದಂತೆ ಕಾಣುವ ಓಕೀಚೋಬೀ ಸರೋವರದ ಸರಾಸರಿ ಆಳ ಸುಮಾರು 9 ಅಡಿ ಮಾತ್ರ. ನೀರಿನ ಆಳದ ನಾಲ್ಕೈದು ಪಟ್ಟು ಹಗ್ಗವಿದ್ದರೆ ಸಾಕಾಗುತ್ತದೆ.

ಹಗ್ಗದ ಇನ್ನೊಂದು ತುದಿ ಬೆಂಡಿಗೆ. ಹಗ್ಗವನ್ನು ಬಿಲ್ಲಿಗೆ ಕಟ್ಟಬಾರದು, ದೋಣಿಗೆ ಕಟ್ಟಬಾರದು, ಸೊಂಟಕ್ಕಂತೂ ಕನಸಿನಲ್ಲಿಯೂ ಕಟ್ಟಬಾರದು. ದೋಣಿಗಳ ಅಂಚಿಗೆ ತೂಗುಹಾಕುವ ಗಾಳಿ ತುಂಬಿದ ಗಟ್ಟಿ ಬೆಂಡು ಒಳ್ಳೆಯದು. ಹತ್ತು ಲೀಟರಿನ ಬೆಂಡನ್ನು ಪೂರ್ತಿ ಮುಳುಗಿಸಲು ಪ್ರಾಣಿ ಸುಮಾರು ಹತ್ತು ಕಿಲೋ ತೂಕದಷ್ಟು ಬಲದಿಂದ ಸತತವಾಗಿ ಎಳೆಯಬೇಕು, ಅದನ್ನು ಆಯಾಸಗೊಳಿಸುವುದು ಆ ಎಳೆತವೇ. ಮುಳುಗಿದ ಬೆಂಡು ಮೇಲೆದ್ದಾಗ ಕತ್ತಲೆಯಲ್ಲಿ ಕಾಣುವಂತೆ ಬಿಳಿಯ ಅಥವಾ ಕಿತ್ತಳೆ ಬಣ್ಣದ್ದಿರಲಿ, ಬೆಳಕು ಪ್ರತಿಫಲಿಸುವ ಪಟ್ಟಿಯನ್ನೂ ಅಂಟಿಸಿ.

ಮೊನೆಗಳಲ್ಲಿ ಎರಡು ಬಗೆ. ಮೀನಿಗೆ ಬಳಸುವ, ಹಿಮ್ಮುಳ್ಳು ಇರುವ, ಬಾಣದ ಕಾಂಡಕ್ಕೆ ಖಾಯಂ ಕೂತಿರುವ ಮೊನೆ ಅಗ್ಗ. ಚಿಕ್ಕ ಅಲಿಗೇಟರ್‌ಗೆ ಅದು ನಡೆಯಬಹುದಾದರೂ, ಪ್ರಾಣಿ ಉರುಳತೊಡಗಿದಾಗ ಹೊರಗೆ ಚಾಚಿಕೊಂಡಿರುವ ಕಾಂಡವೇ ಸನ್ನೆಗೋಲಿನಂತೆ ಕೆಲಸಮಾಡಿ ಮೊನೆಯನ್ನು ಮೀಟಿ ತೆಗೆಯುತ್ತದೆ, ಇಲ್ಲವೇ ಕಾಂಡ ಮುರಿಯುತ್ತದೆ. ಎರಡನೆಯದು ಕಳಚಿಕೊಳ್ಳುವ ಮೊನೆ: ಚರ್ಮದೊಳಗೆ ಹೋದ ಮೇಲೆ ಕಾಂಡದಿಂದ ಬೇರ್ಪಟ್ಟು, ತಂತಿಯ ಎಳೆತಕ್ಕೆ ಅಡ್ಡವಾಗಿ ತಿರುಗಿ, ಅಂಗಿಯ ಗುಂಡಿ ಕಾಜದಲ್ಲಿ ಕೂತಂತೆ ಒಳಗಡೆ ಕೂರುತ್ತದೆ. ಬೆಲೆ ಹೆಚ್ಚಾದರೂ ಇದನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬಿಲ್ಲಿನಲ್ಲಿ ಉಳಿಸಿದ ಹಣವನ್ನು ಇಲ್ಲಿ ಖರ್ಚುಮಾಡಿ.

ಕಾಂಡ ಘನ ಫೈಬರ್‌ಗ್ಲಾಸಿನದಾಗಿರಲಿ. 32 ಅಂಗುಲ ಉದ್ದದ, 5/16 ಅಂಗುಲ ದಪ್ಪದ ಕಾಂಡ ಮೊನೆಯೊಂದಿಗೆ 1,500 ಗ್ರೇನ್, ಎಂದರೆ ನೂರು ಗ್ರಾಮಿನ ಹತ್ತಿರ ತೂಗುತ್ತದೆ. ಜಿಂಕೆಬೇಟೆಯ ಬಾಣದ ಮೂರು ಪಟ್ಟು. ನಿಧಾನವಾಗಿ ಹೋಗುತ್ತದೆಂದು ಹಳಿಯಬೇಡಿ. ಐದಾರು ಮೀಟರ್ ದೂರಕ್ಕೆ ವೇಗ ಬೇಕಾಗಿಲ್ಲ, ನೀರನ್ನೂ ಚರ್ಮವನ್ನೂ ಸೀಳಿಕೊಂಡು ಹೋಗುವ ಭಾರ ಬೇಕು. ಗರಿಯ ಅಗತ್ಯವೇ ಇಲ್ಲ. ಹಿಂದಿನಿಂದ ಬರುವ ಹಗ್ಗವೇ ಬಾಣವನ್ನು ನೇರವಾಗಿರಿಸುತ್ತದೆ. ಇದೊಂದು ಮಾತನ್ನು ಮಾತ್ರ ಎರಡು ಸಲ ಓದಿ: ಹಗ್ಗವನ್ನು ಬಾಣದ ಹಿಳುಕಿನ, ಎಂದರೆ ಹೆದೆಗೆ ಕೂರುವ ಹಿಂತುದಿಯ, ಕಡೆಗೆ ನೇರವಾಗಿ ಕಟ್ಟಬಾರದು. ಹಾಗೆ ಕಟ್ಟಿದರೆ ಸಡಿಲ ಹಗ್ಗ ಹೆದೆಗೋ ಬಿಲ್ಲಿನ ತುದಿಗೋ ಸುತ್ತಿಕೊಂಡು, ಬಿಟ್ಟ ಬಾಣ ರಬ್ಬರಿಗೆ ಕಟ್ಟಿದ ಕಲ್ಲಿನಂತೆ ಬಿಟ್ಟವನ ಮುಖಕ್ಕೇ ತಿರುಗಿ ಬರಬಹುದು. ಇದನ್ನು ತಡೆಯಲು ‘ಸೇಫ್ಟಿ ಸ್ಲೈಡ್’ ಎಂಬ ಚಿಕ್ಕ ಉಂಗುರ ಸಿಗುತ್ತದೆ. ಅದು ಕಾಂಡದ ಮೇಲೆ ಜಾರುತ್ತ, ಹೆದೆ ಎಳೆದಾಗ ಬಿಲ್ಲಿನ ಮುಂದೆಯೇ ಉಳಿದು, ಬಾಣ ಹೊರಟ ಮೇಲೆ ಹಿಂದಕ್ಕೆ ಸರಿಯುತ್ತದೆ, ಹಗ್ಗ ಯಾವಾಗಲೂ ಬಿಲ್ಲಿನ ಎದುರಿಗೇ ಇರುತ್ತದೆ. ಕಳಚುವ ಮೊನೆಯಾದರೆ ಹಗ್ಗ ಮೊನೆಯ ತಂತಿಗೆ ಸೇರುವುದರಿಂದ, ಅದನ್ನು ಕಾಂಡಕ್ಕೆ ಒಂದು ತೆಳು ರಬ್ಬರ್ ಬ್ಯಾಂಡಿನಿಂದ ಮುಂಭಾಗದಲ್ಲಿಯೇ ಹಿಡಿದಿಡಬಹುದು.

ಹಗ್ಗವನ್ನು ಬಾಣ ಹೊರಡುವ ತನಕ ಎಲ್ಲಿ ಇಡಬೇಕು? ಬಾಟಲಿಯಂಥ ರೀಲು ಹೊಸ ಲೋಹದ ಹಿಡಿಯ ಬಿಲ್ಲುಗಳಿಗೆ ತಿರುಪಿನಿಂದ ಕೂರುತ್ತದೆ. ಹಳೆಯ ಮರದ ಹಿಡಿಗಳಲ್ಲಿ ಆ ರಂಧ್ರವಿರುವುದಿಲ್ಲ, ಕೊರೆಯಲು ಹೋಗಿ ಬಿಲ್ಲನ್ನು ಹಾಳುಮಾಡಿದವರನ್ನು ಕಂಡಿದ್ದೇನೆ. ಸಾಂಪ್ರದಾಯಿಕ ಬಿಲ್ಲಿಗೆ ಅತ್ಯಂತ ಸರಳವಾದದ್ದು ಅಗಲ ಬಾಯಿಯ ಬಕೆಟ್. ಹಗ್ಗವನ್ನು ಸುರುಳಿ ಸುತ್ತದೆ, ಬೆಂಡಿನ ತುದಿಯಿಂದ ಸುಮ್ಮನೆ ಒಳಗೆ ಬಿಡುತ್ತ ಹೋದರೆ, ಕೊನೆಗೆ ಒಳಹೋದದ್ದು ಮೊದಲು ಬರುತ್ತ ಗಂಟಾಗದೆ ಹೊರಬರುತ್ತದೆ. ಅಡಿಕೆ ಕೊನೆಗಾರರು ಹಗ್ಗ ಇಳಿಬಿಡುವುದನ್ನು ನೋಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಕೆಟಿನ ಬಳಿ ಯಾರ ಕಾಲೂ ಇರಬಾರದು.

ಕೊನೆಗೂ ಬಿಲ್ಲಿಗೆ ಬಂದೆವು. ನನ್ನ ಮೊದಲ ಬೇಟೆಗೆ ನಾನು ಒಯ್ದದ್ದು 68 ಅಂಗುಲದ ಲಾಂಗ್‌ಬೋ. ನೋಡಲು ಕಿರಾತಾರ್ಜುನ ಪ್ರಸಂಗದಿಂದ ಎದ್ದು ಬಂದಂತಿತ್ತು. ಚಪ್ಪಟೆ ದೋಣಿಯ ಮುಂದೆ ನಿಂತು, ಮೂರು ಮೀಟರ್ ದೂರದಲ್ಲಿ ಕೆಳಕ್ಕೆ ಗುರಿಹಿಡಿದು ಬಾಣ ಬಿಟ್ಟಾಗ ಬಿಲ್ಲಿನ ಕೆಳತುದಿ ದೋಣಿಯ ಅಂಚಿಗೆ ಬಡಿದು, ಬಾಣ ಎಲ್ಲಿಗೋ, ಅಲಿಗೇಟರ್ ಎಲ್ಲಿಗೋ, ನನ್ನ ಮಾನ ಎಲ್ಲಿಗೋ ಹೋಯಿತು. ದೋಣಿಯಿಂದ ಕೆಳಮುಖವಾಗಿ ಬಿಡುವವನಿಗೆ 58ರಿಂದ 62 ಅಂಗುಲದ, ತುದಿಗಳು ಮುಂದಕ್ಕೆ ಬಾಗಿರುವ ರಿಕರ್ವ್ ಬಿಲ್ಲು ಸೂಕ್ತ. ಕುದುರೆಸವಾರರ ಶೈಲಿಯ ಗಿಡ್ಡ ಬಿಲ್ಲುಗಳು ಇನ್ನೂ ಚಿಕ್ಕವಾದರೂ ಅವುಗಳಲ್ಲಿ ಬಾಣ ಕೂರುವ ಕಟ್ಟೆಯಿರುವುದಿಲ್ಲ; ಬೆರಳ ಮೇಲೆ ನೂರು ಗ್ರಾಮಿನ ಬಾಣವನ್ನೂ ಉಂಗುರವನ್ನೂ ಒದ್ದೆ ಹಗ್ಗವನ್ನೂ ನಿಭಾಯಿಸುವುದು ಸುಲಭವಲ್ಲ.

ಒಂದೇ ಮರದ ಅಥವಾ ಬಿದಿರಿನ ಬಿಲ್ಲಿನ ಮೇಲೆ ನನಗೆ ಪ್ರೀತಿಯಿದೆ, ಆದರೆ ಈ ಕೆಲಸಕ್ಕೆ ಅದನ್ನು ಶಿಫಾರಸು ಮಾಡಲಾರೆ. ತೇವ ಹೀರಿದ ಮರ ಮೆತ್ತಗಾಗುತ್ತದೆ, ಎಳೆತದ ಭಾರ, ಎಂದರೆ ಹೆದೆಯನ್ನು ಪೂರ್ತಿ ಎಳೆಯಲು ಬೇಕಾದ ಬಲ, ಇಳಿಯುತ್ತದೆ, ಬಿಲ್ಲು ಹೆದೆ ಇಳಿಸಿದ ಮೇಲೂ ಬಾಗಿಯೇ ಉಳಿಯುತ್ತದೆ. ಕೊಂಬು, ನರ, ಪ್ರಾಣಿಜನ್ಯ ಅಂಟು ಸೇರಿಸಿ ಮಾಡಿದ ಹಳೆಯ ಮಾದರಿಯ ಬಿಲ್ಲಿನಲ್ಲಿ ಅಂಟೇ ಬಿಡತೊಡಗುತ್ತದೆ. ಆಗಸ್ಟಿನ ಫ್ಲಾರಿಡಾದ ಗಾಳಿ ಆಗುಂಬೆಯ ಗಾಳಿಯಷ್ಟೇ ಒದ್ದೆ, ಅದಕ್ಕಿಂತ ಬಿಸಿ. ಮರದ ತಿರುಳಿನ ಎರಡೂ ಮೈಗೆ ಫೈಬರ್‌ಗ್ಲಾಸ್ ಹೊದಿಸಿದ ತೋಳುಗಳು, ಎಂದರೆ ಹಿಡಿಯ ಎರಡು ಕಡೆಯ ಬಾಗುವ ಭಾಗಗಳು, ಈ ತೇವವನ್ನು ತಡೆದುಕೊಳ್ಳುತ್ತವೆ. ಅದರಲ್ಲಿಯೂ ಲೋಹದ ಹಿಡಿಗೆ ತೋಳುಗಳನ್ನು ತಿರುಪಿನಿಂದ ಜೋಡಿಸುವ ಟೇಕ್‌ಡೌನ್ ಬಿಲ್ಲಾದರೆ ಅಭ್ಯಾಸಕ್ಕೆ 35 ಪೌಂಡಿನ ತೋಳು, ಬೇಟೆಗೆ 50 ಪೌಂಡಿನದು ಎಂದು ಬದಲಾಯಿಸಿಕೊಳ್ಳಬಹುದು. ಫ್ರೆಡ್ ಬೇರ್ 1930ರ ದಶಕದಲ್ಲಿ ಮಿಶಿಗನ್‌ನಲ್ಲಿ ಆರಂಭಿಸಿದ ಬೇರ್ ಆರ್ಚರಿ ಸಂಸ್ಥೆ 1978ರಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್‌ಗೆ ಬಂದಿತು. ಅದರ ಹಳೆಯ ರಿಕರ್ವ್‌ಗಳು ಆ ಸುತ್ತಿನಲ್ಲಿ ಎರಡನೇ ಕೈಯಲ್ಲಿ ಸಿಗುತ್ತವೆ.

ಎಳೆತದ ಭಾರದ ಬಗ್ಗೆ ಜಂಬ ಬೇಡ. ಬಿಲ್ಲಿನ ಮೇಲೆ ಬರೆದಿರುವ ಭಾರ 28 ಅಂಗುಲ ಎಳೆದಾಗಿನದು. ಎರಡೂ ಕೈ ಚಾಚಿ ತುದಿಯಿಂದ ತುದಿಗೆ ಅಳೆದು ಎರಡೂವರೆಯಿಂದ ಭಾಗಿಸಿದರೆ ನಿಮ್ಮ ಎಳೆತದ ಉದ್ದದ ಅಂದಾಜು ಸಿಗುತ್ತದೆ. ಐದೂವರೆ ಅಡಿಯ ಮನುಷ್ಯನಿಗೆ ಅದು ಇಪ್ಪತ್ತಾರು ಅಂಗುಲ ಚಿಲ್ಲರೆ. ಒಂದು ಅಂಗುಲ ಕಡಿಮೆಯಾದರೆ ಎರಡು-ಮೂರು ಪೌಂಡ್ ಇಳಿಯುವುದರಿಂದ, 50 ಪೌಂಡಿನ ಬಿಲ್ಲು ಅಂಥವನ ಕೈಯಲ್ಲಿ ಸುಮಾರು 46 ಪೌಂಡಿನದಾಗುತ್ತದೆ. ಮೆದು ಜಾಗಕ್ಕೆ ಹತ್ತಿರದಿಂದ ಭಾರದ ಬಾಣ ಬಿಡುವವನಿಗೆ 45ರಿಂದ 55 ಪೌಂಡ್ ಸಾಕೆಂಬುದು ನನ್ನ ಅನುಭವ. 65 ಪೌಂಡಿನ ಬಿಲ್ಲನ್ನು ಅಲುಗಾಡುವ ದೋಣಿಯಲ್ಲಿ ನಡುಗುತ್ತ ಎಳೆಯುವುದಕ್ಕಿಂತ 48 ಪೌಂಡಿನದನ್ನು ಸ್ಥಿರವಾಗಿ ಎಳೆಯುವುದು ಮೇಲು. ರಾಟೆಗಳಿರುವ ಆಧುನಿಕ ಕಾಂಪೌಂಡ್ ಬಿಲ್ಲಿಗಿಂತ ರಿಕರ್ವ್‌ಗೆ ಇರುವ ಅನುಕೂಲವೂ ಇಲ್ಲಿಯೇ: ಪ್ರಾಣಿ ಮುಳುಗುವ ಕ್ಷಣದಲ್ಲಿ ಪೂರ್ತಿ ಎಳೆಯದೆಯೂ ಬಾಣ ಬಿಡಬಹುದು.

ಉಳಿದ ಸಾಮಾನುಗಳು ಚಿಕ್ಕವು. ಹಳೆಯ ಬಿಲ್ಲಿಗೆ ಸ್ವಲ್ಪ ಹಿಗ್ಗುವ ಡೇಕ್ರಾನ್ ನೂಲಿನ ಹೆದೆಯನ್ನೇ ಹಾಕಿ. ಹಿಗ್ಗದ ಹೊಸ ನೂಲುಗಳು ಅದರ ತುದಿಗಳನ್ನು ಸೀಳುತ್ತವೆ. ಹೆದೆ ಏರಿಸಲು ಹಗ್ಗದ ಸ್ಟ್ರಿಂಗರ್ ಬಳಸಿ, ಕಾಲಸಂದಿಯಲ್ಲಿ ಬಾಗಿಸಿದರೆ ತೋಳು ತಿರುಚಿಕೊಳ್ಳುತ್ತದೆ. ಚರ್ಮದ ಬೆರಳುಚೀಲ ಒದ್ದೆಯಾದರೆ ಜಾರುವುದರಿಂದ ಹೆದೆಗೇ ಪೋಣಿಸುವ ರಬ್ಬರ್ ಕೊಳವೆ ಉತ್ತಮ. ಹಳೆಯ ಬಿಲ್ಲು ಕೊಳ್ಳುವಾಗ ಹೆದೆ ಏರಿಸಿ ತುದಿಯಿಂದ ಕಣ್ಣು ಹಾಯಿಸಿ: ಹೆದೆ ಎರಡೂ ತೋಳುಗಳ ನಡುಗೆರೆಯ ಮೇಲೆ ಕೂರಬೇಕು. ಫೈಬರ್‌ಗ್ಲಾಸಿನ ಅಂಚಿನುದ್ದಕ್ಕೂ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡ ಕಡೆ ಪದರ ಬಿಡುತ್ತಿದೆ ಎಂದು ಅರ್ಥ, ಅಂಥದ್ದು ಬಿಟ್ಟಿ ಸಿಕ್ಕರೂ ಬೇಡ.

ರಜೆಗೆ ಊರಿಗೆ ಬಂದಾಗ ಅಭ್ಯಾಸಕ್ಕೆ ಮಲೆನಾಡಿನಷ್ಟು ಒಳ್ಳೆಯ ಜಾಗವಿಲ್ಲ. ಮುಂಗಾರಿನ ಮೊದಲ ಮಳೆಗೆ ಗದ್ದೆಗೆ ಹತ್ತುವ ಮೀನನ್ನು ರಾತ್ರಿ ಬೆಳಕು ಹಿಡಿದು ಕತ್ತಿಯಲ್ಲಿ ಕಡಿದವರಿಗೆ ನೀರಿನ ಮೋಸ ಗೊತ್ತು: ಮೀನು ಕಾಣುವ ಜಾಗದಲ್ಲಿ ಇರುವುದಿಲ್ಲ, ಅದಕ್ಕಿಂತ ಕೆಳಗಿರುತ್ತದೆ. ನೇರ ಮೇಲಿನಿಂದ ನೋಡಿದರೂ ನಾಲ್ಕಡಿ ಆಳದ ವಸ್ತು ಮೂರಡಿಯಲ್ಲಿ ಇರುವಂತೆ ಕಾಣುತ್ತದೆ. ಓರೆಯಾಗಿ ನೋಡಿದಷ್ಟೂ ವಂಚನೆ ಹೆಚ್ಚು. ತೋಟದ ಹೊಂಡದಲ್ಲಿ ಎರಡು ದೊಡ್ಡ ಅಡಿಕೆ ಹಾಳೆಗಳ ನಡುವೆ ಹುಲ್ಲು ತುಂಬಿ ಕಟ್ಟಿ, ಕಲ್ಲು ತೂಗುಹಾಕಿ ಒಂದಡಿ ಮುಳುಗಿಸಿ, ದಂಡೆಯ ಮೇಲೆ ಬೆಂಚಿಟ್ಟು ಅದರ ಮೇಲೆ ನಿಂತು ಹಗ್ಗ ಕಟ್ಟಿದ ಬಾಣವನ್ನೇ ಬಿಡಿ. ಹಗ್ಗವಿಲ್ಲದ ಬಾಣದ ಅಭ್ಯಾಸ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ, ಅದರ ನಡೆಯೇ ಬೇರೆ. ಹಗಲಿನಲ್ಲಿ ನಾಟಿದ ಮೇಲೆ ಹಣೆಗೆ ಟಾರ್ಚ್ ಕಟ್ಟಿಕೊಂಡು ರಾತ್ರಿಯೂ ಪ್ರಯತ್ನಿಸಿ. ಮೇಲೆ ಹೊದ್ದ ಮಳೆಕೋಟಿನ ತೋಳು ಹೆದೆಗೆ ಸಿಕ್ಕುತ್ತದೆಯೋ ಎಂಬುದೂ ಆಗಲೇ ತಿಳಿಯುತ್ತದೆ.

ಬೇಟೆಯ ರಾತ್ರಿ ಒಂದು ಬಾಣ ಹಿಡಿದ ಕೂಡಲೇ ಹಗ್ಗ ಎಳೆಯಲು ಹೋಗಬೇಡಿ. ಬೆಂಡು ಓಡಲಿ, ನಿಲ್ಲಲಿ. ನಿಧಾನವಾಗಿ ಹತ್ತಿರ ಹೋಗಿ ಎರಡನೆಯ ಹಗ್ಗವನ್ನು, ಇನ್ನೊಂದು ಬಾಣದಿಂದಲೋ ಕೈ ಹಾರ್ಪೂನಿನಿಂದಲೋ, ಸಿಕ್ಕಿಸಿದ ಮೇಲಷ್ಟೇ ದೋಣಿಯ ಪಕ್ಕಕ್ಕೆ ತನ್ನಿ. ಆದ್ದರಿಂದ ಸಲಕರಣೆ ಕೊಳ್ಳುವಾಗಲೇ ಬಾಣ, ಹಗ್ಗ, ಬೆಂಡಿನ ಎರಡು ಪೂರ್ಣ ಜೊತೆ ಕೊಳ್ಳಬೇಕು. ಮುಗಿಸಿದ ಮೇಲೆಯೂ ದವಡೆಗೆ ಟೇಪು ಸುತ್ತದೆ ಒಳಗೆ ಎಳೆದುಕೊಳ್ಳಬೇಡಿ. ಬಾಯಿ ಮುಚ್ಚುವ ಸ್ನಾಯುಗಳು ಭಯಂಕರವಾದರೂ ತೆರೆಯುವವು ದುರ್ಬಲ, ನಾಲ್ಕು ಸುತ್ತು ಟೇಪು ಸಾಕು. ಇಲಾಖೆ ಕೊಟ್ಟ ಗುರುತಿನ ಬಿಲ್ಲೆಯನ್ನು ಕೂಡಲೇ ಬಾಲದ ತುದಿಯಿಂದ 6 ಅಂಗುಲದೊಳಗೆ ಸಿಕ್ಕಿಸಬೇಕು. ತಲೆಬುರುಡೆಯನ್ನು ಊರಿಗೆ ತರುವ ಆಸೆಯಿರುವವರು ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಒಪ್ಪಂದದ ಕಾಗದಪತ್ರಗಳಿಲ್ಲದೆ ಅದನ್ನು ಪೆಟ್ಟಿಗೆಗೆ ಹಾಕಬೇಡಿ.

ಬಿಲ್ಲನ್ನು ಊರಿಗೆ ತಂದರೆ ಮಳೆಗಾಲದಲ್ಲಿ ಅದರ ಹೆದೆ ಇಳಿಸಿ, ಒರೆಸಿ, ಗೋಡೆಗೆ ಹೊಡೆದ ಎರಡು ಮರದ ಗೂಟಗಳ ಮೇಲೆ ಅಡ್ಡವಾಗಿ ಮಲಗಿಸಿ. ಮೂಲೆಯಲ್ಲಿ ಒರಗಿಸಿ ನಿಲ್ಲಿಸಿದರೆ ಕೆಳಗಿನ ತೋಳು ತಿರುಚುತ್ತದೆ. ಬೂಸಲು ಹಿಡಿಯುತ್ತದೆಂದು ಹೆದರಿ ಅದನ್ನು ಒಲೆಯ ಮೇಲಿನ ಅಟ್ಟಕ್ಕೆ ಸೇರಿಸುವ ಹಿರಿಯರು ಪ್ರತಿ ಮನೆಯಲ್ಲಿಯೂ ಇರುತ್ತಾರೆ. ಕಂಬಳಿಗೂ ಬೀಜದ ಸೌತೆಕಾಯಿಗೂ ಆ ಜಾಗ ಸರಿ. ಬಿಲ್ಲಿನ ಪದರಗಳ ಅಂಟು ಮಾತ್ರ ಆ ಬಿಸಿಗೆ ಒಂದೇ ಮಳೆಗಾಲದಲ್ಲಿ ಬಿಟ್ಟುಕೊಳ್ಳುತ್ತದೆ.